ತೊಳೆಯದ ಆನೆಕಾಸು

ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ದುಡ್ಡು ತೊಳೆಯುತ್ತಿದ್ದೆವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ದೇವರ ಮನೆಯ ಗೂಡಿನಿಂದ ಕೆಂಪು ಮಖಮಲ್ಲಿನ ಚೀಲವೊಂದನ್ನು ತೆಗೆದು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದಳು. ರಾಣಿಯ ತಲೆಯ ಬೆಳ್ಳಿ ರೂಪಾಯಿ, ಬೋಳುತಲೆಯ ರಾಜನ ರೂಪಾಯಿ, ನಡುವೆ ತೂತಿದ್ದ ತಾಮ್ರದ ಬಿಲ್ಲೆ, ಹೂವಿನ ಎಸಳಿನ ಹಾಗೆ ಅಂಚಿದ್ದ ಒಂದಾಣೆ, ಮೂಲೆ ಮೊಂಡಾದ ಚೌಕದ ಎರಡಾಣೆ, ಯಾವ ಲಿಪಿಯೆಂದು ಅಪ್ಪನಿಗೂ ತಿಳಿಯದ ನಾಲ್ಕೈದು ದಪ್ಪ ಕಾಸು. ಹಿತ್ತಾಳೆ ಬಟ್ಟಲಲ್ಲಿ ಹುಣಸೆಹಣ್ಣು ನೆನೆದಿರುತ್ತಿತ್ತು, ಪಕ್ಕದಲ್ಲಿ ಹಂಡೆಯ ಒಲೆಯಿಂದ ತೆಗೆದು ಜರಡಿ ಹಿಡಿದ ಬೂದಿ, ಅಪ್ಪನ ಹಳೆಯ ಪಂಚೆಯ ಚೂರು. ಒಂದೊಂದನ್ನೂ ಹುಣಸೆಹಣ್ಣಿನಲ್ಲಿ ಹೊರಳಿಸಿ, ಬೂದಿ ಹಚ್ಚಿ, ಹೆಬ್ಬೆರಳಿನಿಂದ ಗಸಗಸ ಉಜ್ಜಬೇಕು. ಕಪ್ಪು ನೀರು ಇಳಿದು ತಾಮ್ರ ಕೆಂಪಗಾದಾಗ ಒಂದು ಸಂತೋಷವಿತ್ತು. ಎಂಟನೆಯ ವಯಸ್ಸಿನಿಂದ ಆ ಕೆಲಸ ನನ್ನದು. ಮನೆಯಲ್ಲಿ ಬೇರೆ ಯಾರೂ ಚೀಲ ಮುಟ್ಟುವಂತಿರಲಿಲ್ಲ, ಅಮ್ಮನೂ ಸಹ. ನಾನು ಉಜ್ಜುವಾಗ ಅಜ್ಜಿ ಎದುರಿಗೆ ಮಣೆ ಹಾಕಿಕೊಂಡು ಕೂತು ಹೇಳುತ್ತಿದ್ದ ಮಾತು ಪ್ರತಿವರ್ಷವೂ ಒಂದೇ.

“ಚೆನ್ನಾಗಿ ಉಜ್ಜು ಪುಟ್ಟೀ. ಲಕ್ಷ್ಮಿ ಮುಖ ಮಂಕಾಗಿರಬಾರದು.”

ಶಂಕರಪುರದ ಆ ಮನೆ ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ಜಗಲಿ, ಆಮೇಲೆ ನಡುಮನೆ, ಅದರ ಬಲಕ್ಕೆ ಕಿಟಕಿಯಿಲ್ಲದ ದೇವರ ಮನೆ, ಹಿಂದೆ ಅಡಿಗೆಮನೆ, ಕೊನೆಗೆ ಬಚ್ಚಲು, ಹಿತ್ತಿಲು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಹಿತ್ತಿಲ ಕಲ್ಲಿನ ಮೇಲೆ ಕೂತರೆ ಬೀದಿಯಲ್ಲಿ ಸೊಪ್ಪಿನವಳು ಬುಟ್ಟಿ ಇಳಿಸುವುದು ಕಾಣುತ್ತಿತ್ತು. ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಾಗದ ಮನೆ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ತನ್ನ ಮಗಳನ್ನು ಸರಿಯಾಗಿ ತಿಳಿದಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ದೊಡ್ಡ ತಟ್ಟೆಯಲ್ಲಿ ಬಿಸಿ ಅನ್ನಕ್ಕೆ ಸಾರು, ತುಪ್ಪ ಹಾಕಿ ಕಲಸಿ ಜಗಲಿಗೆ ತರುತ್ತಿದ್ದಳು. ನಾನು, ತಮ್ಮ, ಪಕ್ಕದ ಮನೆಯ ಇಬ್ಬರು ಹುಡುಗಿಯರು ಸುತ್ತ ಕೂತು ಕೈ ಚಾಚುತ್ತಿದ್ದೆವು. ಕೈತುತ್ತಿಗೆ ಒಂದು ಕ್ರಮವಿತ್ತು. ಮೊದಲ ತುತ್ತು ನನಗೆ. ಕಡೆಯಲ್ಲಿ ಮೊಸರನ್ನ ಕಲಸಿದಾಗ, ತಟ್ಟೆಯ ಅಂಚಿನಿಂದ ಬಳಿದು ಬಳಿದು ಮಾಡಿದ ಕೊನೆಯ ತುತ್ತೂ ನನಗೆ. ತಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಅವನಿಗೆ ಹೊಟ್ಟೆ ತುಂಬಿದರೆ ಸಾಕು. ನನಗೆ ಹೊಟ್ಟೆಗಿಂತ ಕ್ರಮ ಮುಖ್ಯವಾಗಿತ್ತು. ಯಾರ ತುತ್ತು ಎಷ್ಟು ದೊಡ್ಡದು, ಯಾರ ತುತ್ತಿನ ಮೇಲೆ ಉಪ್ಪಿನಕಾಯಿಯ ಹೋಳು ಬಂತು, ಯಾರಿಗೆ ಬರಿಯ ರಸ ಬಂತು ಎಂದು ಅಳೆದು ನೋಡುವ ನನ್ನ ಕಣ್ಣು ತಯಾರಾದದ್ದು ಆ ಜಗಲಿಯಲ್ಲಿ.

ವನಜ ಬಂದದ್ದು ಅವರೆಕಾಯಿಯ ಕಾಲದಲ್ಲಿ. ನನಗೆ ಹನ್ನೊಂದು ವರ್ಷ, ಅವಳಿಗೆ ಹತ್ತು. ನನ್ನ ಸೋದರತ್ತೆಯ ಮಗಳು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ತುಮಕೂರಿನಲ್ಲಿದ್ದ ಮಾವ ಇನ್ನೊಂದು ಮದುವೆಯಾಗಿದ್ದರು. ಅವರು ಮಗಳನ್ನೂ ಒಂದು ಹಸಿರು ಟ್ರಂಕನ್ನೂ ಜಗಲಿಯ ಮೇಲೆ ಇಳಿಸಿ, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ನಾವೆಲ್ಲ ನಡುಮನೆಯಲ್ಲಿ ನೆನೆದ ಅವರೆಕಾಳನ್ನು ಹಿತುಕುತ್ತಿದ್ದೆವು. ಅಜ್ಜಿ ಆ ಒದ್ದೆಕೈಯಲ್ಲೇ ಎದ್ದು ಹೋಗಿ ಅವಳನ್ನು ತಬ್ಬಿಕೊಂಡಳು. ನನ್ನನ್ನು ಅಜ್ಜಿ ಎಷ್ಟೋ ಸಲ ಎತ್ತಿಕೊಂಡಿದ್ದಾಳೆ, ಮಡಿಲಲ್ಲಿ ಮಲಗಿಸಿಕೊಂಡಿದ್ದಾಳೆ. ಆದರೆ ಹಾಗೆ, ಬಿಟ್ಟರೆ ಎಲ್ಲಿ ಹೋಗಿಬಿಡುತ್ತದೋ ಎನ್ನುವ ಹಾಗೆ ಹಿಡಿದುಕೊಂಡದ್ದು ನನಗೆ ನೆನಪಿಲ್ಲ. ಆ ದಿನವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಅನಾಥ ಹುಡುಗಿಯನ್ನು ನೋಡಿ ಕರುಣೆ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು.

ಆ ಸಂಜೆಯ ಮೊದಲ ತುತ್ತು ವನಜಳಿಗೆ ಹೋಯಿತು. ಹೊಸಬಳು, ಸರಿ, ಇವತ್ತೊಂದು ದಿನ ಎಂದುಕೊಂಡೆ. ಮರುದಿನವೂ ಹೋಯಿತು. ವಾರ ಕಳೆದ ಮೇಲೆ ಕೊನೆಯ ತುತ್ತೂ ಹೋಯಿತು. ಅಜ್ಜಿಯ ಪಕ್ಕದ ಚಾಪೆ ಅವಳದಾಯಿತು. ಅವಳ ಕೂದಲು ದಟ್ಟವಾಗಿತ್ತು; ಅಜ್ಜಿ ಅದಕ್ಕೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಮೇಲಕ್ಕೆ ಕಟ್ಟುವಾಗ “ಎಂಥಾ ಕೂದಲೇ, ಥೇಟ್ ನಿಮ್ಮಮ್ಮಂದೇ” ಎನ್ನುತ್ತಿದ್ದಳು. ನನ್ನ ಕೂದಲು ಯಾರದು ಎಂದು ಯಾರೂ ಹೇಳಲಿಲ್ಲ. ವನಜ ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕೇಳದೆಯೇ ನನ್ನ ಸ್ಲೇಟು ಒರೆಸಿಡುತ್ತಿದ್ದಳು, ಅಮ್ಮನಿಗೆ ನೀರು ಸೇದಿಕೊಡುತ್ತಿದ್ದಳು, ನಾನು ಜಗಳ ತೆಗೆದರೆ ಸುಮ್ಮನೆ ಎದ್ದು ಹೋಗುತ್ತಿದ್ದಳು. ಒಂದು ದಿನ ತಡೆಯಲಾರದೆ ಅಡಿಗೆಮನೆಯಲ್ಲಿ ಅಜ್ಜಿಯನ್ನು ಕೇಳಿಯೇಬಿಟ್ಟೆ.

“ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಯಾಕಜ್ಜೀ?”

ಅಜ್ಜಿ ಒಲೆಯಿಂದ ತಲೆಯೆತ್ತಲಿಲ್ಲ.

“ನಿಂಗೆ ಅಮ್ಮ ಇದಾಳಲ್ಲೇ.”

ಇದ್ದಾಳೆ, ನಿಜ. ಆದರೆ ಅಮ್ಮನಿರುವುದು ಒಂದು ತಪ್ಪಿನ ಹಾಗೆ ನನಗೆ ಕೇಳಿಸಿತು. ಅಮ್ಮನಿಗೋ ಬೆಳಗಿನಿಂದ ಸಂಜೆಯವರೆಗೆ ಒಲೆ, ಒಗೆತ, ತಮ್ಮನ ಕೆಮ್ಮು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಆ ಮನೆಯ ಹಿತ್ತಲ ಗಿಡವಾದೆ. ಶ್ರಾವಣ ಬರುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಕಾಸು ತೊಳೆಯುವ ದಿನ ಎಲ್ಲ ಸರಿಹೋಗುತ್ತದೆ, ಅಲ್ಲಿ ಕೂರುವವಳು ನಾನೊಬ್ಬಳೇ ಎಂಬ ಧೈರ್ಯವಿತ್ತು.

ಆ ಗುರುವಾರ ನಾನು ಬೆಳಿಗ್ಗೆಯೇ ಸ್ನಾನ ಮಾಡಿ, ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು, ಹುಣಸೆಹಣ್ಣು ನೆನೆಸಿಕೊಂಡು ಕಲ್ಲಿನ ಹತ್ತಿರ ಕಾದಿದ್ದೆ. ಅಜ್ಜಿ ಚೀಲ ಹಿಡಿದು ಬಂದಳು, ಹಿಂದೆ ವನಜ. ಅವಳ ಅಂಗೈಯಲ್ಲಿ ಒಂದು ಕಪ್ಪು ಬಿಲ್ಲೆ. ಅದು ಅತ್ತೆಯ ಮದುವೆಯಲ್ಲಿ ಅಜ್ಜಿ ಇದೇ ಚೀಲದಿಂದ ತೆಗೆದು ಅವಳ ಮಡಿಲಿಗೆ ಹಾಕಿದ್ದ ತಾಮ್ರದ ಕಾಸು. ಅತ್ತೆ ಹೋದ ಮೇಲೆ ವನಜಳ ಟ್ರಂಕಿನಲ್ಲಿ, ಅವಳಮ್ಮನ ಕುಂಕುಮದ ಭರಣಿಯೊಳಗೆ ಉಳಿದಿತ್ತು. ಒಂದು ಕಡೆ ಆನೆ, ಇನ್ನೊಂದು ಕಡೆ ಅಕ್ಷರಗಳು. ವರ್ಷಗಟ್ಟಲೆ ಯಾರೂ ಉಜ್ಜದೆ ಕರಿದ ಎಣ್ಣೆಯ ಬಣ್ಣಕ್ಕೆ ತಿರುಗಿತ್ತು. ಆನೆಯ ಸೊಂಡಿಲ ಹತ್ತಿರ ಒಂದು ಹಸಿರು ಮಚ್ಚೆ. ನಮ್ಮ ಚೀಲದಲ್ಲಿ ಆನೆಯದು ಒಂದೂ ಇರಲಿಲ್ಲ. ಬರಿಗೈಯಲ್ಲಿ ಬಂದವಳೆಂದು ತಿಳಿದಿದ್ದವಳ ಹತ್ತಿರ ನಮ್ಮ ಯಾರ ಹತ್ತಿರವೂ ಇಲ್ಲದ ಕಾಸು.

“ನಿಮ್ಮಮ್ಮನ ಕಾಸೂ ನಾಳೆ ಲಕ್ಷ್ಮಿ ಜೊತೆ ಕೂರ್ಲಿ. ಈ ವರ್ಷ ನೀನೇ ತೊಳಿ ಎಲ್ಲಾನೂ,” ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, “ಪುಟ್ಟೀ, ನೀನು ಅವಳಿಗೆ ತೋರಿಸ್ಕೊಡು.”

ತೋರಿಸಿಕೊಟ್ಟೆ. ಎಷ್ಟು ಬೂದಿ, ಎಷ್ಟು ಹುಳಿ, ಹೆಬ್ಬೆರಳು ಹೇಗೆ ತಿರುಗಬೇಕು ಎಲ್ಲವನ್ನೂ. ಅವಳು ನನಗಿಂತ ಚೆನ್ನಾಗಿ ಉಜ್ಜಿದಳು. ರೂಪಾಯಿಗಳು ಮುಗಿದವು, ತಾಮ್ರದವು ಮುಗಿದವು. ತೊಳೆದದ್ದನ್ನೆಲ್ಲ ಒಣಬಟ್ಟೆಯ ಮೇಲೆ ಹರಡಿದಳು. ಆನೆಕಾಸನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದಳು. ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಜಡೆ ಹಾಕಲು ಕರೆದಳು. ವನಜ ಕೈ ತೊಳೆದು ಓಡಿದಳು. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿಯೇ ಹೋಯಿತು. ಕಾಸನ್ನು ಲಂಗದ ನೆರಿಗೆಗೆ ಸಿಕ್ಕಿಸಿ, ಹುಣಸೆಹಣ್ಣಿನ ಕೊಳೆನೀರನ್ನು ಬಚ್ಚಲ ತೂಬಿನತ್ತ ಚೆಲ್ಲಿ, ಪಾರಿಜಾತದ ಗಿಡದ ಹತ್ತಿರ ಹೂವು ಆಯುವವಳ ಹಾಗೆ ನಿಂತುಕೊಂಡೆ.

ಆಮೇಲಿನ ಗದ್ದಲವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಪ್ಪ ಆಫೀಸಿನಿಂದ ಬಂದವರು ಪಂಚೆ ಎತ್ತಿ ಕಟ್ಟಿ ತೂಬಿನ ಕಲ್ಲು ಎಬ್ಬಿಸಿ ಮೊಣಕೈಯವರೆಗೆ ಕೈ ಹಾಕಿದರು. ಅಮ್ಮ ಕಸದ ಗುಡ್ಡೆ ಜಾಲಿಸಿದಳು. ನಾನೂ ಹುಡುಕಿದೆ, ಎಲ್ಲರಿಗಿಂತ ಜೋರಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ತಪ್ಪು ಮಾಡಲಿಲ್ಲ, ಲಂಗದ ನೆರಿಗೆಯ ಹತ್ತಿರ ಕೈಯನ್ನೇ ಒಯ್ಯಲಿಲ್ಲ. ವನಜ ಕಲ್ಲಿನ ಪಕ್ಕ ನಿಂತು, ತನ್ನ ಕೈಯಿಂದಲೇ ಜಾರಿ ನೀರಿನ ಜೊತೆ ಹೋಗಿರಬೇಕು ಎಂದಳು. ನಾನು ನೀರು ಚೆಲ್ಲಿದ್ದನ್ನು ಅವಳು ನೋಡಿರಲಿಲ್ಲ, ಆದ್ದರಿಂದ ಕೈ ತೊಳೆಯುವ ಅವಸರದಲ್ಲಿ ತಾನೇ ಚೆಲ್ಲಿದೆನೆಂದು ನಂಬಿದ್ದಳೋ ಏನೋ. ಅಜ್ಜಿ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಮರುದಿನ ಕಳಶದ ಸುತ್ತ ಕಾಸುಗಳನ್ನು ಬಳೆಯ ಹಾಗೆ ಜೋಡಿಸುವಾಗ ಒಂದು ಕಡೆ ಜಾಗ ಬಿಟ್ಟಳು. ಪೂಜೆಯಲ್ಲಿ ಇಲ್ಲದ ಸಾಮಾನಿಗೆಲ್ಲ ಅಕ್ಷತೆ ಹಾಕುವುದು ವಾಡಿಕೆ, ಅರ್ಚನೆಗೆ ಹೂವಿಲ್ಲವೆ, ಅಕ್ಷತೆ, ವಸ್ತ್ರವಿಲ್ಲವೆ, ಅಕ್ಷತೆ. ಅಜ್ಜಿ ಆ ಖಾಲಿ ಜಾಗಕ್ಕೂ ನಾಲ್ಕು ಕಾಳು ಅಕ್ಷತೆ ಹಾಕಿದಳು. ಮುಂದಿನ ವರ್ಷದಿಂದ ಕಾಸು ತೊಳೆಯುವ ಕೆಲಸ ವನಜಳಿಗೂ ಇಲ್ಲ, ನನಗೂ ಇಲ್ಲ. ಅಜ್ಜಿ ತಾನೇ ಕೂತು ತೊಳೆದಳು.

ಕಾಸನ್ನು ಹರಿದ ರೇಷ್ಮೆ ರವಿಕೆಯ ಚೂರಿನಲ್ಲಿ ಸುತ್ತಿ ನನ್ನ ಕವಡೆಯ ಡಬ್ಬಿಯ ತಳದಲ್ಲಿಟ್ಟೆ. ಹಿಂದಿರುಗಿಸಬೇಕೆಂದು ಅನ್ನಿಸಲೇ ಇಲ್ಲವೆಂದಲ್ಲ. ಮೊದಲ ವಾರ ಹೆದರಿಕೆಯಿಂದ ಕೊಡಲಿಲ್ಲ. ಆಮೇಲೆ, ವನಜ ಅಜ್ಜಿಯ ಮುಂದೆ ಕುಗ್ಗಿದ್ದನ್ನು ನೋಡಿ ಒಂದು ತೃಪ್ತಿ ಬಂದಿತ್ತು, ಅದಕ್ಕಾಗಿ ಕೊಡಲಿಲ್ಲ. ಆಮೇಲಾಮೇಲೆ ಕೊಡುವ ದಾರಿಯೇ ಉಳಿಯಲಿಲ್ಲ. ಇಷ್ಟೆಲ್ಲ ಮಾಡಿಯೂ ನಾನು ಗೆದ್ದೆನೆ ಎಂದರೆ ಅದೂ ಇಲ್ಲ. ಕೈತುತ್ತಿನ ಕ್ರಮ ಬದಲಾಗಲಿಲ್ಲ. ನನ್ನ ಮದುವೆಗೆ ಅಜ್ಜಿ ಒಂದು ಜೊತೆ ಬೆಳ್ಳಿ ದೀಪದ ಕಂಬ ಕೊಟ್ಟಳು, ಎತ್ತಲಾರದಷ್ಟು ಭಾರ. ಎರಡು ವರ್ಷದ ಮೇಲೆ ವನಜಳ ಮದುವೆ ಬಂತು. ಧಾರೆ ಮುಗಿದ ಮೇಲೆ ಅಜ್ಜಿ ಮಖಮಲ್ಲಿನ ಚೀಲವನ್ನು ಇಡಿಯಾಗಿ ಅವಳ ಮಡಿಲಿಗೆ ಹಾಕಿದಳು. ತೂಗಿದರೆ ನನ್ನ ದೀಪಗಳೇ ಹೆಚ್ಚು. ಆದರೆ ನಾನು ಊಟದ ಪಂಕ್ತಿಯಲ್ಲಿ ಕೂತು ಒಂದು ಚಿರೋಟಿಯನ್ನೂ ನುಂಗಲಾರದೆ ಎದ್ದೆ. ಮುಂದೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಯಾವ ಮಗುವನ್ನೂ ಇನ್ನೊಂದು ಮಗುವಿನ ಎದುರಿಗೆ ಹೊಗಳಲಿಲ್ಲ. ಮೇಡಂ ಬಹಳ ಕಟ್ಟುನಿಟ್ಟು, ಪಕ್ಷಪಾತವಿಲ್ಲ ಎಂದು ಹೆಸರಾಯಿತು. ಅದು ನನ್ನ ಗುಣವಲ್ಲ, ನನ್ನ ಹೊಟ್ಟೆಕಿಚ್ಚಿನ ಕಾಣಿಕೆ.

ಅಜ್ಜಿ ಹೋಗಿ, ಅಪ್ಪ ಅಮ್ಮ ಹೋಗಿ, ಶಂಕರಪುರದ ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ನಾನು ಚಾಮರಾಜಪೇಟೆಯಲ್ಲಿದ್ದೇನೆ, ವನಜ ಮಲ್ಲೇಶ್ವರದಲ್ಲಿ. ಪ್ರತಿ ವರ್ಷ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆಯುತ್ತಾಳೆ, ಹೋಗುತ್ತೇನೆ. ಕಳಶದ ಸುತ್ತ ಕಾಸುಗಳು ಹೊಸದರಂತೆ ಥಳಥಳ ಹೊಳೆಯುತ್ತಿರುತ್ತವೆ. ಒಂದು ಕಡೆ ಜಾಗ ಬಿಟ್ಟು ಅವಳೂ ಅಕ್ಷತೆ ಹಾಕಿರುತ್ತಾಳೆ. ನಾನು ಆ ಕಡೆ ನೋಡದೆ ಕೋಸಂಬರಿ ತಿಂದು ಬರುತ್ತೇನೆ. ಹೋದ ವರ್ಷ ಹಬ್ಬ ಕಳೆದು ಒಂದು ವಾರಕ್ಕೆ ಅವಳು ಫೋನ್ ಮಾಡಿದಳು.

“ಸುಶೀ, ಮೊಬೈಲಲ್ಲಿ ಒಂದು ವಿಡಿಯೋ ಬಂದಿದೆ ಕಣೆ. ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ. ಅದ್ರಲ್ಲಿ ತೋರಿಸ್ತಿರೋದು ನಮ್ಮ ತೂತಿನ ಕಾಸೇ!”

“ಅದೆಲ್ಲ ಮೋಸ. ಮೊದ್ಲು ನೀನೇ ದುಡ್ಡು ಕಟ್ಟು ಅಂತಾರೆ.”

“ಗೊತ್ತು. ನಾನೇನು ಮಾರಲ್ಲ. ಇಬ್ರು ಸೊಸೆಯರಿಗೂ ಹಂಚಿಬಿಡೋಣ ಅಂತ. ಯಾವುದು ಅಪರೂಪದ್ದು ಅಂತ ಗೊತ್ತಿಲ್ದೆ ಹಂಚಿದ್ರೆ ನಾಳೆ ಒಬ್ಬಳಿಗೆ ಹೊಟ್ಟೆ ಉರಿ. ಉಪ್ಪಾರಪೇಟೇಲಿ ಒಬ್ರು ನೋಡಿ ಹೇಳ್ತಾರಂತೆ. ನೀನೂ ಬಾ ಜೊತೆಗೆ.”

ಒಪ್ಪಿಕೊಂಡೆ. ಅವಳಿಗೆ ಜೊತೆ ಬೇಕಲ್ಲ ಎಂದು ಒಪ್ಪಿಕೊಂಡದ್ದಲ್ಲ. ಆ ಚೀಲದಲ್ಲಿರುವುದೆಲ್ಲ ಮೂರು ಕಾಸಿನ ಬೆಲೆಯಿಲ್ಲದ್ದೆಂದು ಬಲ್ಲವರೊಬ್ಬರ ಬಾಯಿಂದ, ಅವಳ ಎದುರಿಗೆ, ಕೇಳಬೇಕಿತ್ತು. ಹೊರಡುವ ಮುಂಚೆ ಬೀರುವಿನ ಒಳಖಾನೆಯಿಂದ ರೇಷ್ಮೆಚೂರಿನ ಗಂಟನ್ನು ತೆಗೆದು ಪರ್ಸಿನೊಳಗೆ ಹಾಕಿಕೊಂಡೆ. ಅವಳು ಅತ್ತಿತ್ತ ಹೋದಾಗ ಮೆಲ್ಲಗೆ ತೋರಿಸಿ ಕೇಳುವುದು, ನನ್ನ ಹತ್ತಿರ ಇರುವುದು ಅವಳ ಹತ್ತಿರ ಇರುವುದಕ್ಕಿಂತ ದೊಡ್ಡದೇ ಎಂದು ತಿಳಿದುಕೊಳ್ಳುವುದು. ಅರವತ್ತಾರು ವರ್ಷದ ಹೆಂಗಸಿನ ತಲೆಯಲ್ಲಿದ್ದ ಉಪಾಯ ಇಷ್ಟೇ. ಅವಳನ್ನು ಕರೆದುಕೊಳ್ಳಲು ಮಲ್ಲೇಶ್ವರಕ್ಕೇ ಹೋದೆ; ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಅವಳು ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು ಕಾದಿದ್ದಳು. ಮೆಜೆಸ್ಟಿಕ್ಕಿನಲ್ಲಿ ಇಳಿದು, ಲಾಡ್ಜುಗಳ ನಡುವಿನ ಗಲ್ಲಿಯಲ್ಲಿ ನಡೆದು, ಮಂಡಿ ನೋವಿಗೆ ಬೈಯುತ್ತ ಮಹಡಿ ಹತ್ತಿದೆವು.

ಅಂಗಡಿಯ ಮನುಷ್ಯನ ಹೆಸರು ರಾಜಣ್ಣ. ಬೆಂಚಿನಷ್ಟೇ ಅಗಲದ ಮೇಜು, ಮೇಲೊಂದು ದೀಪ, ಕಪ್ಪು ಬಟ್ಟೆ. ವನಜ ಡಬ್ಬಿ ತೆರೆದು ಕಾಸುಗಳನ್ನು ಹರಡಿದಳು. ಅವು ದೀಪದಡಿಯಲ್ಲಿ ಝಗ್ಗೆಂದವು. ರಾಜಣ್ಣ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಒಂದೊಂದನ್ನೇ ಅಂಚಿನಲ್ಲಿ ಹಿಡಿದು ನೋಡಿದರು. ಮುಖ ಸಣ್ಣಗಾಗುತ್ತ ಹೋಯಿತು.

“ಅಮ್ಮಾ, ಇವನ್ನ ತೊಳೀತೀರಾ ನೀವು?”

“ಪ್ರತಿ ವರ್ಷ,” ಎಂದಳು ವನಜ, ಹೆಮ್ಮೆಯಿಂದ. “ನಮ್ಮಜ್ಜಿ ಕಾಲದಿಂದ. ಹುಣಸೆಹಣ್ಣು, ಬೂದಿ. ಈಗ ಬೂದಿ ಸಿಗಲ್ಲ, ಪಾತ್ರೆ ತೊಳೆಯೋ ಪುಡಿ.”

“ಅಯ್ಯೋ! ನೋಡಿ, ಈ ರೂಪಾಯಿಗಳೆಲ್ಲ ಸಾಮಾನ್ಯದವು, ಬೆಳ್ಳಿ ತೂಕಕ್ಕೆ ಹೋಗುತ್ತೆ. ತೂತಿನ ಕಾಸು ಎಲ್ಲರ ಮನೇಲೂ ಇದೆ. ಈ ದಪ್ಪ ಕಾಸುಗಳು ಇದಾವಲ್ಲ, ಇವು ಚೆನ್ನಾಗಿರೋವು. ಆದ್ರೆ ಏನು ಉಳಿದಿದೆ ಹೇಳಿ? ಅಕ್ಷರ ಸವೆದು ಹೋಗಿದೆ. ಹಳೇ ನಾಣ್ಯಕ್ಕೆ ಅದರ ಮೇಲೆ ಕೂತಿರೋ ಕಪ್ಪೇ ಜೀವ ಅಮ್ಮಾ. ಅದನ್ನ ಉಜ್ಜಿದ್ರೆ ಕೊಳ್ಳೋರು ಮುಟ್ಟಲ್ಲ. ಯಾರು ಇಷ್ಟು ಉಜ್ಜಿದ್ದು?”

ಮೂರು ವರ್ಷ ನಾನು, ಆಮೇಲೆ ಅಜ್ಜಿ, ಆಮೇಲೆ ವನಜ. ಯಾವ ಕೆಲಸಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದೆನೋ ಅದು ಕಾಸನ್ನು ಕೊಲ್ಲುವ ಕೆಲಸವಾಗಿತ್ತು. ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಆ ಕ್ಷಣದಲ್ಲಿ ನನಗೆ ಬೇರೆಯದೇ ತಿಳಿದುಹೋಗಿತ್ತು. ಹುಣಸೆಹಣ್ಣು ಸೋಕದ ಒಂದೇ ಒಂದು ಕಾಸು ನನ್ನ ಪರ್ಸಿನಲ್ಲಿತ್ತು. ಹೊರಗೆ ತೆಗೆಯಲಾರದೆ, ಯಾರಿಗೂ ತೋರಿಸಲಾರದೆ ಬಚ್ಚಿಟ್ಟದ್ದಕ್ಕೇ ಅದು ಹಾಗೇ ಉಳಿದಿತ್ತು. ಅವಳದೆಲ್ಲ ಹೋಯಿತು, ನನ್ನದು ಉಳಿಯಿತು. ಆದರೆ ಗೆದ್ದೆನೆಂದು ತೋರಿಸಬೇಕಾದರೆ ಕದ್ದೆನೆಂದೂ ತೋರಿಸಬೇಕು. ವನಜ ಪೆಚ್ಚಾಗಿ ಕಾಸುಗಳನ್ನು ಡಬ್ಬಿಗೆ ತುಂಬುತ್ತ, “ಹೋಗ್ಲಿ ಬಿಡು, ಇಬ್ಬರಿಗೂ ಸಮ ಹಂಚಬಹುದು. ಜಗಳನೇ ಇಲ್ಲ,” ಎಂದಳು. ಆ ಸಮಾಧಾನವನ್ನು ನನಗೆ ಸಹಿಸಲಾಗಲಿಲ್ಲ. ಅವಳ ಮುಖದಲ್ಲಿ ಒಂದು ಸಲವಾದರೂ ನನ್ನನ್ನು ನೋಡಿ ಕರುಬುವುದನ್ನು ಕಾಣಬೇಕೆನಿಸಿತು. ಪಶ್ಚಾತ್ತಾಪದಿಂದ ತೆಗೆದೆನೆಂದು ಯಾರೂ ತಿಳಿಯಬಾರದು. ಜಂಬದಿಂದ ತೆಗೆದೆ.

“ಇದನ್ನೊಂದು ನೋಡಿ,” ಎಂದು ಗಂಟು ಬಿಚ್ಚಿ ಕಪ್ಪು ಬಟ್ಟೆಯ ಮೇಲಿಟ್ಟೆ.

ರಾಜಣ್ಣ ಬಗ್ಗಿದರು. ಭೂತಗನ್ನಡಿಯನ್ನು ಮತ್ತೆ ಕಣ್ಣಿಗಿಟ್ಟರು.

“ಇದು! ಆನೆಕಾಸು ಸಿಗುತ್ತೆ ಅಮ್ಮಾ, ಅದೇನು ಅಪರೂಪ ಅಲ್ಲ. ಆದ್ರೆ ಇಂಥಾ ಸ್ಥಿತೀಲಿ ಸಿಗೋದು ಅಪರೂಪ. ಆನೆ ಕಣ್ಣು ಕೂಡ ಕಾಣ್ತಿದೆ ನೋಡಿ. ಯಾವ ಪುಣ್ಯಾತ್ಮರೋ ಕೈ ಹಚ್ಚದೆ ಇಟ್ಟಿದಾರೆ. ಇದ್ಯಾಕೆ ಬೇರೆ ಇತ್ತು?”

ನಾನು ವನಜಳನ್ನು ನೋಡಿದೆ. ಅವಳು ಕಾಸನ್ನು ನೋಡುತ್ತಿದ್ದಳು. ಸೊಂಡಿಲ ಹತ್ತಿರದ ಹಸಿರು ಮಚ್ಚೆಯನ್ನು ಮುಟ್ಟಲು ಬೆರಳು ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಂಡಳು. ನಾನು ಕಾದಿದ್ದ ಕರುಬು ಆ ಮುಖದಲ್ಲಿ ಎಲ್ಲಿಯೂ ಇರಲಿಲ್ಲ.

“ಅದು ಇವಳ ಪಾಲಿಗೆ ಬಂದಿದ್ದು,” ಎಂದಳು ರಾಜಣ್ಣನವರಿಗೆ. “ನಮ್ಮಜ್ಜಿ ಇವಳಿಗೆ ಕೊಟ್ಟಿದ್ದು.”

ಹೊರಗಿನವರ ಎದುರಿಗೆ ನನ್ನ ಮಾನ ಉಳಿಸಿದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು; ಅಲ್ಲಿಯೂ ದೊಡ್ಡವಳಾದವಳು ಅವಳೇ. ಕೆಳಗೆ ಇಳಿದು ಮೂಲೆಯ ಹೋಟೆಲಿನಲ್ಲಿ ಕೂತೆವು. ಕಾಫಿ ಬಂತು. ಕಾಸನ್ನು ಅವಳ ಲೋಟದ ಪಕ್ಕದಲ್ಲಿಟ್ಟೆ. ಅವಳು ಮುಟ್ಟಲಿಲ್ಲ.

“ಐವತ್ತೈದು ವರ್ಷ, ಸುಶೀ.”

“ಹೌದು.”

“ನಾನು ಆ ಟ್ರಂಕಿಂದ ಬಟ್ಟೆ ತೆಗೆದು ಗೂಡಲ್ಲಿ ಜೋಡಿಸಿದ್ದೆ, ನೆನಪಿದ್ಯಾ? ಹಬ್ಬದ ದಿನ ಸಾಯಂಕಾಲ ಎಲ್ಲಾನೂ ವಾಪಸ್ ಟ್ರಂಕಿಗೆ ತುಂಬಿಟ್ಟೆ. ಅಜ್ಜಿ ಮಾತಾಡ್ತಿಲ್ಲ, ನಾಳೆ ತುಮಕೂರಿಗೆ ಕಳಿಸ್ತಾಳೆ ಅಂತ. ಎರಡು ವರ್ಷ ಹಂಗೇ ಇಟ್ಟಿದ್ದೆ. ದಿನಾ ಒಂದು ಬಟ್ಟೆ ತೆಗೆಯೋದು, ಒಗೆದು ಮತ್ತೆ ಅದಕ್ಕೇ ಹಾಕೋದು.”

ನೆನಪಿತ್ತು. ಟ್ರಂಕಿನಿಂದ ಬಟ್ಟೆ ತೆಗೆದು ಹಾಕಿಕೊಳ್ಳುವುದನ್ನು ಆಗ ನಾನು ಠೀವಿ ಎಂದುಕೊಂಡು ಅದಕ್ಕೂ ಕರುಬಿದ್ದೆ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಒಂದೇ ಒಂದು ಕೇಳ್ತೀನಿ. ನಿಜ ಹೇಳು. ಅಜ್ಜಿ ಏನಂದ್ಕೊಂಡು ಸತ್ತಳು? ಮಗಳ ಕಾಸನ್ನ ಈ ಹುಡುಗಿ ಬಚ್ಚಲಿಗೆ ಚೆಲ್ಲಿದಳು ಅಂತಲೇ? ಅದಕ್ಕೇ ತಾನೆ ಆಮೇಲೆ ನನ್ನ ಕೈಗೆ ಚೀಲ ಕೊಡಲಿಲ್ಲ?”

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕದ್ದ ಕಾಸು ಅವಳಿಗೆ ಮರಳಿತ್ತು. ಇನ್ನೊಂದು ನನ್ನ ಹತ್ತಿರ ಉಳಿದಿತ್ತು, ಅದು ಯಾವ ಡಬ್ಬಿಯಲ್ಲೂ ಇರಲಿಲ್ಲ. ಅದನ್ನು ಕೊಟ್ಟರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲವೆಂದು ಗೊತ್ತಿತ್ತು. ಲೋಟ ಪಕ್ಕಕ್ಕೆ ಸರಿಸಿ ಹೇಳಿದೆ. ಹಬ್ಬದ ಮರುದಿನ ನಾನು ಅಡಿಗೆಮನೆಗೆ ಹೋಗಿ ಅಜ್ಜಿಯ ಕಿವಿಯಲ್ಲಿ, ಕಾಸು ಎಲ್ಲೂ ಬಿದ್ದಿಲ್ಲ, ವನಜಾನೇ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಚಾಡಿ ಹೇಳಿದ್ದೆ. ಅಜ್ಜಿ ಅವಳಿಗೆ ನಾಲ್ಕು ಬಿಗಿಯಲಿ ಎಂದು ಹೇಳಿದ್ದು. ಅಜ್ಜಿ ಸೌಟು ಕೆಳಗಿಟ್ಟು, ನನ್ನ ರಟ್ಟೆ ಹಿಡಿದು ಹೀಗೆಂದಿದ್ದಳು:

“ನಂಗೊತ್ತು ಕಣೇ. ಇಟ್ಕೊಂಡಿರ್ತಾಳೆ. ಅವರಮ್ಮನ ಕೈ ಮುಟ್ಟಿದ ಕಾಸು, ತೊಳೆದ್ರೆ ಅಮ್ಮ ಹೋಗ್ಬಿಡ್ತಾಳೆ ಅನ್ನಿಸಿರುತ್ತೆ ಆ ಕೂಸಿಗೆ. ತೊಳಿ ಅಂದಿದ್ದು ನಂದೇ ತಪ್ಪು. ಇನ್ನು ಯಾವತ್ತೂ ಅವಳ ಕೈಲಿ ತೊಳಿಸಲ್ಲ. ಅವಳನ್ನ ಯಾರೂ ಕೇಳ್ಕೂಡ್ದು. ಕೇಳಿದೋರಿಗೆ ಈ ಮನೇಲಿ ಅನ್ನ ಇಲ್ಲ, ನೀನಾದ್ರೂ ಅಷ್ಟೇ.”

ವನಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಣಿ ಬಂದು ಲೋಟ ತೆಗೆಯಬಹುದೇ ಎಂದು ಕೇಳಿ, ಅವಳ ಮುಖ ನೋಡಿ, ಹಾಗೇ ಹಿಂದಕ್ಕೆ ಹೋದ. ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ಕ್ಷಮಿಸಿದ ಮುಖವಲ್ಲ ಅದು, ಕೋಪದ್ದೂ ಅಲ್ಲ. ನಾನಲ್ಲಿ ಇದ್ದೇನೆಂಬುದೇ ಅವಳಿಗೆ ಮುಖ್ಯವಾಗಿರಲಿಲ್ಲ.

“ಇನ್ನೊಂದ್ ಸಲ ಹೇಳು,” ಎಂದಳು. “ಅಜ್ಜಿ ಹೇಳಿದ ಹಂಗೇ ಹೇಳು.”

ಹೇಳಿದೆ. ಆ ಮಾತುಗಳಲ್ಲಿ ಒಂದಾದರೂ ನನ್ನ ಬಗ್ಗೆ ಇದ್ದಿದ್ದರೆ ಎಂದು ಹೊಟ್ಟೆ ಸುಡುತ್ತಲೇ ಇತ್ತು. ಆದರೂ ಒಂದು ಮಾತನ್ನೂ ಬಿಡದೆ ಹೇಳಿದೆ.